ಪಾಚಿ ಕೆಲಸ

ಜುಲೈ ೭, ಭಾನುವಾರ

ಇವರನ್ನು ಕೋಲಾರದ ಆಸ್ಪತ್ರೆಯಿಂದ ಮನೆಗೆ ಕರೆತಂದಾಯಿತು. ಮುರಿದ ತೊಡೆಯ ಮೂಳೆಗೆ ಪಟ್ಟಿ ಕೂರಿಸಿ ಸ್ಕ್ರೂ ಹಾಕಿದ್ದಾರೆ. ಆಂಬುಲೆನ್ಸಿನಿಂದ ಇಳಿಸುವಾಗ ಉರಿಗಾಮಿನ ಅರ್ಧ ಬೀದಿ ನಮ್ಮ ಗೇಟಿನ ಬಳಿ ನಿಂತಿತ್ತು. ಎಲ್ಲರೂ ಮೊದಲು ಇವರ ಕಾಲು ನೋಡಿದರು, ಆಮೇಲೆ ತಲೆಯೆತ್ತಿ ನಮ್ಮ ಹೆಂಚು ನೋಡಿದರು. ನೋಡದೆ ಏನು ಮಾಡಿಯಾರು? ಎಡಗಡೆ ಕೆಂಪು ಹೆಂಚು, ಬಲಗಡೆ ಹಸಿರು ಪಾಚಿ. ಎಲ್ಲಿಯವರೆಗೆ ಉಜ್ಜಿದರು, ಎಲ್ಲಿ ಜಾರಿದರು ಎಂಬುದು ರಸ್ತೆಯಿಂದಲೇ ಗೊತ್ತಾಗುತ್ತದೆ.

ಗಣಿ ಕಾಲದ ಈ ಮನೆಯನ್ನು ಬಾಡಿಗೆಗೆ ಹಿಡಿದದ್ದು ಇವರ ಹಟಕ್ಕೆ. ಕಾರ್ಖಾನೆಯ ಕ್ವಾರ್ಟರ್ಸ್ ಬೇಡ, ಅಂಗಳ ಬೇಕು ಎಂದರು. ಅಂಗಳದಲ್ಲೇ ಬಿದ್ದರು. ಮಳೆ ಬಂದ ಮಾರನೆಯ ಬೆಳಿಗ್ಗೆ, ರಬ್ಬರ್ ಚಪ್ಪಲಿ ಮೆಟ್ಟಿಕೊಂಡು, ಕಟ್ಟದ ಏಣಿ ಹತ್ತಿ, ಒದ್ದೆ ಪಾಚಿ ಉಜ್ಜಲು ಹೋದ ಗಂಡಸನ್ನು ಏನೆನ್ನಬೇಕು? ಮಾಡಿದ್ದುಣ್ಣೋ ಮಹರಾಯ ಎನ್ನಬೇಕು. ಹಾಗೆಂದುಕೊಂಡೇ ಗಂಜಿ ಕುಡಿಸಿದೆ. ಸ್ವಲ್ಪ ಕುಡಿದು ನನ್ನ ಕೈ ಹಿಡಿದುಕೊಂಡೇ ನಿದ್ದೆ ಹೋದರು. ನನಗೆ ಅಳು ಬಂತು. ಬದುಕಿ ಉಳಿದರಲ್ಲ, ಸಾಕು.

ಪಕ್ಕದ ಮನೆಯ ಸೆಲ್ವರಾಜ್ ನೋಡಿಕೊಂಡು ಹೋಗಲು ಬಂದಿದ್ದರು. ಅವರಪ್ಪ ಗಣಿಯಲ್ಲಿದ್ದವರು, ಮನೆ ತುಂಬ ಹಗ್ಗ, ಕೊಕ್ಕೆ. ಪಾಚಿ ತೆಗೆಯುವುದಕ್ಕೆ ಅವಸರ ಕೂಡದಂತೆ. ಮೊದಲು ಮೈಲುತುತ್ತದ ನೀರು ಚಿಮುಕಿಸಿ ಪಾಚಿಯನ್ನು ಸಾಯಿಸಬೇಕು, ಅದು ಕಂದಿ ಒಣಗುವ ತನಕ ಕಾಯಬೇಕು. ಆಮೇಲೆ ಒಣ ದಿನ ನೋಡಿ, ಏಣಿಯನ್ನು ಗಟ್ಟಿಯಾಗಿ ಕಟ್ಟಿ, ಹತ್ತುವವರ ಸೊಂಟಕ್ಕೆ ಹಗ್ಗ ಬಿಗಿದು, ಆ ಹಗ್ಗವನ್ನು ಮನೆಯ ಆಚೆ ಬದಿಯ ಮರಕ್ಕೆ ಸುತ್ತಿ, ಮೇಲಿನಿಂದ ಕೆಳಕ್ಕೆ ಮೆತ್ತಗೆ ಗುಡಿಸಬೇಕು. "ಒದ್ದೆ ಪಾಚಿ ಮೇಲೆ ಬೆಕ್ಕು ಕೂಡ ಓಡಲ್ಲ ಟೀಚರ್" ಎಂದರು. ನ್ಯಾಯವಾದ ಮಾತು. ಇನ್ನು ಈ ಮನೆಯಲ್ಲಿ ಹಗ್ಗವಿಲ್ಲದೆ ಯಾರೂ ಮೇಲೆ ಹತ್ತುವಂತಿಲ್ಲ. ನಾನು ಹತ್ತಗೊಡುವುದಿಲ್ಲ.

ಜುಲೈ ೧೨, ಶುಕ್ರವಾರ

ಬೆಳಿಗ್ಗೆ ಇವರ ಮೈ ಒರೆಸುವುದು, ಮಧ್ಯಾಹ್ನ ಶಾಲೆಯಲ್ಲಿ ವಿಭಕ್ತಿ ಪ್ರತ್ಯಯ, ಸಂಜೆ ಮತ್ತೆ ಮೈ ಒರೆಸುವುದು. ಒಂಬತ್ತನೇ ತರಗತಿಯವರು ಇಂದು 'ಹೋಗು'ವನ್ನು 'ಓಗು' ಎಂದು ಬರೆದಿದ್ದರು, ಇಡೀ ತರಗತಿ. ದಾವಣಗೆರೆಯಿಂದ ಇಲ್ಲಿಗೆ ಬಂದು ಇಷ್ಟು ವರ್ಷವಾಯಿತು, ಈ ಊರಿಗೆ ಒಂದು 'ಹ' ಕಲಿಸಲಾಗಲಿಲ್ಲ. ಮನೆಯಲ್ಲಿ ಮಾತ್ರ ಗೆದ್ದೆ. ಇವರದು ಬಂಗಾರಪೇಟೆ ಕಡೆಯ ತೆಲುಗು ಮನೆ. ಮದುವೆಯಾದಾಗ ಇವರ ಕನ್ನಡ ಕೇಳುವ ಹಾಗಿರಲಿಲ್ಲ. ತಿದ್ದಿ ತಿದ್ದಿ ದಾರಿಗೆ ತಂದೆ. ಈಗ ಇವರು ಮಾತಾಡುವುದೇ ಕಡಿಮೆ, ಆಡಿದರೆ ಶುದ್ಧವಾಗಿರುತ್ತದೆ.

ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ತರಕಾರಿ ಆಂಜಿನಪ್ಪನಿಗೆ ಹೇಳಿ ಬಂದಿದ್ದೇನೆ, ಪಾಚಿ ಕೆಲಸಕ್ಕೆ ನಂಬಿಕಸ್ಥರು ಯಾರಾದರೂ ಇದ್ದರೆ ಮನೆಗೆ ಕಳಿಸು ಎಂದು. ಇದ್ದಾರಮ್ಮ, ಸೋಮವಾರವೇ ಬರುತ್ತಾರೆ ಎಂದ.

ಜುಲೈ ೧೫, ಸೋಮವಾರ

ಬಂದದ್ದು ಒಬ್ಬ ಹೆಂಗಸು. ಮುನಿನಾರಾಯಣಮ್ಮ. ನನಗಿಂತ ಹತ್ತು ವರ್ಷಕ್ಕೆ ಹಿರಿಯಳಿರಬೇಕು, ಕಡ್ಡಿಯ ಹಾಗಿದ್ದಾಳೆ. ಬಂಗಾರಪೇಟೆಯ ಆಚೆ ಒಂದು ಹಳ್ಳಿ, ಬೆಳಗಿನ ರೈಲಿಗೆ ಬಂದು ಉರಿಗಾಮಿನಲ್ಲಿ ಇಳಿದಳಂತೆ. ನಾನು ಹೆಂಚಿನ ಕಡೆ ಕೈ ತೋರಿಸಿದೆ. ಅವಳು ನನ್ನ ಕೈ ದಾಟಿ ಅಡುಗೆಮನೆಗೆ ನಡೆದಳು.

"ಪಾಚಿ ಪನಿ ಅಂದ್ರು, ಬಂದೆ ಕಣಮ್ಮ. ಪಾತ್ರೆ ಎಲ್ಲವೆ?"

ಪಾಚಿ ಎಂದರೆ ಹಾವಸೆ, ಒದ್ದೆ ಗೋಡೆಯ ಮೇಲೆ ಬೆಳೆಯುವಂಥದು ಎಂದು ವಿವರಿಸಿದೆ. ಅವಳು ನಿಘಂಟನ್ನೇ ಕಂಡಿಲ್ಲದವಳ ಹಾಗೆ ನನ್ನ ಮುಖ ನೋಡಿದಳು. ಅಷ್ಟರಲ್ಲಿ ಕೋಣೆಯಿಂದ ಇವರ ನಗು ಕೇಳಿತು. ತೆಲುಗಿನಲ್ಲಿ ಪಾಚಿ ಪನಿ ಎಂದರೆ ಕಸ, ಮುಸುರೆ, ಬಟ್ಟೆ, ಮನೆವಾರ್ತೆಯ ಕೆಲಸವಂತೆ. ನಕ್ಕರೆ ತೊಡೆ ನೋಯುತ್ತದೆಂದು ಅದರ ಮೇಲೆ ಕೈ ಅದುಮಿಕೊಂಡು ನಕ್ಕರು. ಬಿದ್ದ ಮೇಲೆ ಇದೇ ಮೊದಲ ನಗು. ನನಗೂ ನಗು ಬಂತು.

ಇರಲಿ ಎಂದು ಅವಳನ್ನು ಇಟ್ಟುಕೊಂಡೆ. ನನಗೂ ಕೈ ಬೇಕಿತ್ತು. ಊರಲ್ಲಿ ಅವಳಿಗೆ ಮಗ ಇದ್ದಾನೆ, ಹಸುಗಳಿವೆ, ಈಗ ಸೊಸೆ ಬಂದಿದ್ದಾಳೆ. ಕೂತು ತಿಂದರೆ ಸೊಸೆಯ ಮುಖ ನೋಡಿಕೊಂಡಿರಬೇಕು, ದುಡಿದು ತಿಂದರೆ ತಟ್ಟೆ ಮಾತ್ರ ನೋಡಿದರೆ ಸಾಕು ಎಂದಳು. ಮಾತು ಬಲ್ಲವಳು.

ಜುಲೈ ೨೮, ಭಾನುವಾರ

ಮನೆ ಮನೆಯಂತೆ ಕಾಣುತ್ತಿದೆ. ಇವರು ಊಟ ಸರಿಯಾಗಿ ಮಾಡುತ್ತಿದ್ದಾರೆ. ಸೆಲ್ವರಾಜ್ ಏಣಿಯಂಚಿನಲ್ಲಿ ನಿಂತು ಉದ್ದನೆಯ ಪೈಪಿನಲ್ಲಿ ಪಾಚಿಗೆ ಮೈಲುತುತ್ತ ಹೊಡೆದು ಹೋದರು. ಹೊಡೆಯುವ ಮೊದಲು ಸಂಪಿನ ಬಾಯಿ ಮುಚ್ಚಿದರು.

ಒಂದೇ ಒಂದು ಕಿರಿಕಿರಿ. ನಾನು ಶಾಲೆಯಿಂದ ಬರುವಾಗ ಗೇಟಿನವರೆಗೂ ಇವರದೂ ಮುನಿನಾರಾಯಣಮ್ಮನದೂ ಮಾತು ಕೇಳುತ್ತಿರುತ್ತದೆ. ತೆಲುಗು. ಇವರ ದನಿ ಬೇರೆಯೇ, ಹುಡುಗರ ಹಾಗೆ. ನಾನು ಚಪ್ಪಲಿ ಬಿಟ್ಟ ಸದ್ದಿಗೆ ನಿಲ್ಲುತ್ತದೆ. ಏನು ಮಾತಾಡುತ್ತಿದ್ದಿರಿ ಎಂದರೆ, ಏನಿಲ್ಲ, ರಾಗಿ ಪೈರಿನ ವಿಷಯ ಎನ್ನುತ್ತಾರೆ. ರಾಗಿಯಲ್ಲಿ ಅಷ್ಟು ನಗುವಂಥದ್ದು ಏನಿದೆಯೋ.

ಆಗಸ್ಟ್ ೧೭, ಶನಿವಾರ

ಮೂಳೆ ಕೂಡಿದೆಯಂತೆ. ಇನ್ನು ನಡೆಯಲೇಬೇಕು ಎಂದರು ಡಾಕ್ಟರು. ವಾಕರ್ ಹಿಡಿದು ದಿನವೂ ನಡೆಯದಿದ್ದರೆ ಕಾಲು ಮರಗಟ್ಟಿ ಇದ್ದಲ್ಲೇ ಉಳಿಯುತ್ತದಂತೆ. ಕಾರ್ಖಾನೆಯಿಂದಲೂ ಫೋನು ಬರುತ್ತಿದೆ.

ಮನೆಗೆ ಬಂದು ಎಬ್ಬಿಸಿ ನಿಲ್ಲಿಸಿದೆ. ವಾಕರ್ ಹಿಡಿದು ನಿಂತರು, ನಡುಗಿದರು, ಕೂತುಬಿಟ್ಟರು. ಮತ್ತೆ ಎಬ್ಬಿಸಿದೆ, ಮತ್ತೆ ಕೂತರು. ನನಗೆ ಅವರ ಒಂದು ಹೆಜ್ಜೆ ಬೇಕು, ಒಂದೇ ಒಂದು. ರಾತ್ರಿ ಹಗಲು ಅದೇ ಯೋಚನೆ. "ಬೀಳುವುದಕ್ಕೆ ಹೆದರದವರು ನಡೆಯುವುದಕ್ಕೆ ಹೆದರುತ್ತೀರಾ" ಎಂದುಬಿಟ್ಟೆ. ಮುಖ ಗೋಡೆಗೆ ತಿರುಗಿಸಿದರು. ಅನ್ನಬಾರದಿತ್ತೇನೋ. ಆದರೆ ಕಹಿಯಾಗಿರದ ಔಷಧ ಯಾವುದು?

ಆಗಸ್ಟ್ ೩೦, ಶುಕ್ರವಾರ

ಹೆಜ್ಜೆ ಇಲ್ಲ.

ಇಂದು ಶಾಲೆಗೆ ಹೊರಡುವ ಮುಂಚೆ ಮೂತ್ರದ ಬಾಟಲಿಯನ್ನು ಕಿಟಕಿಯ ಹತ್ತಿರ ಇಟ್ಟು ಹೋದೆ. ಬೇಕಾದರೆ ಎದ್ದು ಹೋಗಿ ತಗೊಳ್ಳಲಿ ಎಂದು. ಇದನ್ನು ಹಿಂಸೆ ಎನ್ನುವವರಿಗೆ ರೋಗಿಯನ್ನು ನೋಡಿಕೊಂಡು ಗೊತ್ತಿಲ್ಲ. ಸಂಜೆ ಬಂದಾಗ ಹಾಸಿಗೆಗೆ ಬೇರೆ ಚಾದರ, ಹಗ್ಗದ ಮೇಲೆ ಹಳೆಯದು ಒಣಗುತ್ತಿತ್ತು, ಬಾಟಲಿ ಮಂಚದ ಕೆಳಗೆ ಅದರ ಜಾಗದಲ್ಲೇ ಇತ್ತು. ಮುನಿನಾರಾಯಣಮ್ಮ ಕಾಫಿ ಕೊಡುವಾಗ ಲೋಟವನ್ನು ಸ್ವಲ್ಪ ಜೋರಾಗಿ ಇಟ್ಟಳು, ಅಷ್ಟೇ. ನಾನು ಕಟ್ಟಿದ ಮದ್ದನ್ನೆಲ್ಲ ಇವಳು ಬಿಚ್ಚುತ್ತಾಳೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ.

ಸೆಪ್ಟೆಂಬರ್ ೮, ಭಾನುವಾರ

ಗಣೇಶನ ಹಬ್ಬ ಕಳೆದು ಒಳ್ಳೆಯ ಬಿಸಿಲು. ಪಾಚಿ ಕಂದಾಗಿ ಒಣಗಿ ಹಪ್ಪಳದಂತೆ ಎದ್ದಿದೆ. ಸೆಲ್ವರಾಜ್ ಹಗ್ಗ, ಹಲಗೆ ಎಲ್ಲ ತಂದು ಏಣಿ ಕಟ್ಟಿದರು. ಮೇಲೆ ಕಾಲಿಟ್ಟೊಡನೆ ಒಂದು ಹೆಂಚು ಲಟಕ್ಕೆಂದಿತು. ಅವರ ಮೈಭಾರಕ್ಕೆ ಇದು ಆಗದು, ಹಗುರಾಗಿರುವವರು ಬೇಕು ಎಂದು ಇಳಿದರು. ನನ್ನ ಕಣ್ಣು ತಾನಾಗಿ ಮುನಿನಾರಾಯಣಮ್ಮನ ಕಡೆ ಹೋಯಿತು. ಬಾವಿ ಬಗ್ಗಿ ನೋಡಿದರೇ ತಲೆ ತಿರುಗುತ್ತದೆ ಎಂದಳು. ಹಾಗಾದರೆ ಬೇಡ ಎಂದರು ಸೆಲ್ವರಾಜ್.

"ಪಾಚಿ ಕೆಲಸಕ್ಕೆ ತಾನೇ ನೀನು ಬಂದದ್ದು?" ಎಂದೆ.

ಸೆಲ್ವರಾಜ್ ನಕ್ಕರು, ನಾನೂ ನಕ್ಕೆ. ಕೊನೆಗೆ ಅವಳೂ ನಕ್ಕು, ಸೆರಗು ಸಿಕ್ಕಿಸಿಕೊಂಡು, ಸೊಂಟಕ್ಕೆ ಹಗ್ಗ ಬಿಗಿಸಿಕೊಂಡು ಹತ್ತಿದಳು. ಹಲಗೆಯ ಮೇಲೆ ಕೂತು, ಮೇಲಿನಿಂದ ಕೆಳಕ್ಕೆ ಗುಡಿಸಿದಳು. ಅಷ್ಟು ಹೊತ್ತೂ ಕೋಣೆಯಿಂದ ಇವರು "ಮೆಲ್ಲಗ, ಮೆಲ್ಲಗ" ಎಂದು ಕೂಗುತ್ತಲೇ ಇದ್ದರು. ನಾನು ಸ್ಟೂಲಿನ ಮೇಲೆ ನಿಂತು ಫ್ಯಾನು ಒರೆಸುವಾಗ ಇವರಿಗೆ ಪೇಪರು ಓದುವುದಿರುತ್ತದೆ.

ಕೆಲಸ ಚೆನ್ನಾಗಿ ಆಯಿತು. ಇಡೀ ಸೂರು ಒಂದೇ ಬಣ್ಣಕ್ಕೆ ಬಂತು. ಇಳಿದ ಮೇಲೆ ಅವಳ ಕಾಲು ನಡುಗುತ್ತಿತ್ತು. ಅದನ್ನು ನೋಡಿ ಮನಸ್ಸಿಗೆ ಏನೋ ಹಗುರವಾಯಿತು. ಕೆಲಸ ಮುಗಿದ ಸಮಾಧಾನ ಇರಬೇಕು.

ಸೆಪ್ಟೆಂಬರ್ ೨೨, ಭಾನುವಾರ

ಸೂರಂಚಿನಲ್ಲಿ ಮಳೆನೀರು ಹರಿಯುವ ದೋಣಿಯ ಹತ್ತಿರ ಸ್ವಲ್ಪ ಹಸಿರು ಕಂಡ ಹಾಗಾಯಿತು. ಮೊಳಕೆಯಲ್ಲೇ ಚಿವುಟಬೇಕಲ್ಲ. ಸೆಲ್ವರಾಜ್ ವೆಲ್ಲೂರಿಗೆ ಹೋಗಿದ್ದಾರೆ, ಹಗ್ಗ ಅವರ ಮನೆಯೊಳಗಿದೆ. ಮುನಿನಾರಾಯಣಮ್ಮನನ್ನು ಹತ್ತಿಸಿ ಏಣಿಯನ್ನು ನಾನೇ ಹಿಡಿದುಕೊಂಡೆ. ನಾನು ಹಿಡಿದರೆ ಹಗ್ಗ ಕಟ್ಟಿದಂತೆಯೇ. ಇಳಿದು ಬಂದು, ಹಸಿರಲ್ಲಮ್ಮ, ಬೇವಿನೆಲೆ ಬಿದ್ದಿತ್ತು ಎಂದು ಕೈಯಲ್ಲಿ ತೋರಿಸಿದಳು.

ಬೆಳಿಗ್ಗೆ ನನ್ನ ಗಂಡ ವಿಜಯಕುಮಾರ್ ನಿದ್ದೆಗಣ್ಣಿನಲ್ಲಿ ನನ್ನನ್ನು ತೆಲುಗಿನಲ್ಲಿ ಏನೋ ಕೇಳಿದರು. ನನಗೆ ಅರ್ಥವಾಗಲಿಲ್ಲ. ನನ್ನ ಮುಖ ಕಂಡ ಮೇಲೆ, ನೀರು ಎಂದರು.

ಸೆಪ್ಟೆಂಬರ್ ೨೯, ಭಾನುವಾರ

ಇಂದೂ ಹತ್ತಿಸಿದೆ. ಏಣಿ ಹಿಡಿಯಬೇಕಾಗಲಿಲ್ಲ. ಅವಳಿಗೂ ಅಭ್ಯಾಸವಾಗಿದೆ. ಹೆಜ್ಜೆ ಇಲ್ಲ.

ಅಕ್ಟೋಬರ್ ೪, ಶುಕ್ರವಾರ

ದಸರಾ ರಜೆ. ಇಡೀ ದಿನ ಮನೆಯಲ್ಲಿದ್ದರೆ ಏನೇನು ಕಿವಿಗೆ ಬೀಳುತ್ತದೆ. ಅಡುಗೆಮನೆಯಲ್ಲಿ ಅವಳು ರಾಗಿ ಮುದ್ದೆ ತಿರುವುತ್ತಾ ಒಂದು ಮಾತು ಹೇಳುವುದು, ಕೋಣೆಯಿಂದ ವಿಜಯಕುಮಾರ್ ಅದಕ್ಕೆ ಇನ್ನೊಂದು ಕೂಡಿಸುವುದು, ಇಬ್ಬರೂ ನಗುವುದು. ನಡುವೆ 'ಟೀಚರಮ್ಮ' ಎಂಬುದೊಂದು ನನಗೆ ತಿಳಿಯುತ್ತದೆ. ನನ್ನ ಮನೆಯಲ್ಲಿ ನಾನೇ ಪರಭಾಷೆಯವಳು.

ಹೆಂಚಿನ ಮೇಲೆ ಅಲ್ಲಲ್ಲಿ ಬಿಳಿ ಬಿಳಿ ಮಚ್ಚೆಗಳಿವೆ. ಕಲ್ಲುಹೂವು. ಅದನ್ನು ಕೆರೆಯಬೇಡಿ, ಹೆಂಚಿನ ಚರ್ಮ ಕಿತ್ತು ಬರುತ್ತದೆ, ಅದರ ಪಾಡಿಗೆ ಬಿಡಿ ಎಂದಿದ್ದರು ಸೆಲ್ವರಾಜ್. ಆದರೆ ನೋಡಿದವರು ಏನೆಂದುಕೊಳ್ಳುತ್ತಾರೆ? ತೊನ್ನು ಹಿಡಿದ ಮನೆಯ ಹಾಗೆ ಕಾಣುತ್ತದೆ. ಹಳೆಯ ಚಾಕು ಕೊಟ್ಟು ಕೆರೆಯಲು ಹೇಳಿದೆ. ಅವಳು ಚಾಕು ತೆಗೆದುಕೊಂಡು ಸೂರಿನ ಕಡೆ ನೋಡಿದಳು.

"ಅಮ್ಮ, ಅಲ್ಲಿ ಪಾಚಿ ಇಲ್ಲ. ನಿಮಗೂ ಗೊತ್ತು, ನಂಗೂ ಗೊತ್ತು. ಏಣಿ ಒಂದು ಇಡ್ಕಳ್ಳಿ, ಅತ್ತೀನಿ."

ಹತ್ತದಿದ್ದರೆ ನಾಳೆಯಿಂದ ಬರುವುದು ಬೇಡ ಎಂದೆ. ಹತ್ತಿದಳು. ಏಣಿ ಹಿಡಿದೆನೋ ಇಲ್ಲವೋ ನೆನಪಿಲ್ಲ, ಒಲೆಯ ಮೇಲೆ ಹಾಲಿತ್ತು. ವೆಲ್ಲೂರಿನಿಂದ ಬಂದ ಸೆಲ್ವರಾಜ್ ಕಾಂಪೌಂಡಿನಾಚೆಯಿಂದ ನೋಡಿ, ಹಗ್ಗ ಕೊಡಲೇ ಎಂದರು. ನಿಮ್ಮ ಮನೆ ನೀವು ನೋಡಿಕೊಳ್ಳಿ, ನಮ್ಮ ಮನೆ ನಾವು ನೋಡಿಕೊಳ್ಳುತ್ತೇವೆ ಎಂದೆ. ಪಾಪ, ಒಳಗೆ ಹೋದರು.

ಅಕ್ಟೋಬರ್ ೧೧, ಶುಕ್ರವಾರ

ಆಯುಧಪೂಜೆ. ಸ್ಕೂಟರಿಗೆ, ಈಳಿಗೆಮಣೆಗೆ, ಏಣಿಗೆ ಕುಂಕುಮ ಹಚ್ಚಿದೆ. ವಾಕರಿಗೂ ಹಚ್ಚಿದೆ. ವಿಜಯಕುಮಾರ್ ನೋಡಿಯೂ ನೋಡದಂತೆ ಇದ್ದರು.

ಊಟವಾದ ಮೇಲೆ ಕರೆದರು. ಬಹಳ ದಿನದ ಮೇಲೆ ಹೆಸರು ಹಿಡಿದು ಕರೆದದ್ದು. "ಅವಳನ್ನ ಮೇಲೆ ಹತ್ತಿಸಬೇಡ ಶ್ಯಾಮಲ. ನನ್ನ ಮೇಲಿನ ಸಿಟ್ಟು ನನ್ನ ಮೇಲೇ ತೀರಿಸ್ಕೋ."

ನನಗೆ ಯಾರ ಮೇಲೂ ಸಿಟ್ಟಿಲ್ಲ. ಅದನ್ನೇ ಹೇಳಿದೆ. ನೀವು ಎದ್ದು ನಡೆದು ಬಂದು ಬೇಡವೆನ್ನಿ, ಆ ದಿನವೇ ನಿಲ್ಲಿಸುತ್ತೇನೆ ಎಂದೂ ಹೇಳಿದೆ. ಎಷ್ಟು ಒಳ್ಳೆಯ ಮಾತು ಸಿಕ್ಕಿತು ನೋಡಿ. ಡಾಕ್ಟರ ಕೈಯಲ್ಲಿ ಆಗದ್ದು ಇದರಿಂದ ಆದರೂ ಆಗಬಹುದು. ನಾನು ಮಾಡುತ್ತಿರುವುದೆಲ್ಲ ಅವರ ಆ ಒಂದು ಹೆಜ್ಜೆಗಾಗಿ. ಮೊದಲಿನಿಂದಲೂ ಅದಕ್ಕಾಗಿಯೇ.

ಅಕ್ಟೋಬರ್ ೧೫, ಮಂಗಳವಾರ

ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಊಟದ ಹೊತ್ತಿಗೆ ಸ್ವಲ್ಪ ಹೊಳವಾಯಿತು. ದೋಣಿಯಲ್ಲಿ ಎಲೆ ಕಟ್ಟಿಕೊಂಡಿರುತ್ತದೆ, ನೀರು ಒಳಗೆ ಇಳಿಯಬಾರದಲ್ಲ, ತೆಗೆದು ಬಾ ಎಂದೆ. ಹೆಂಚು ಒದ್ದೆಯಾಗಿದೆ ಎಂದಳು. ಒಣಗುವವರೆಗೆ ಕಾದರೆ ಎಲೆ ಕೊಳೆಯುತ್ತದೆ ಎಂದೆ. ಸೊಂಟಕ್ಕೆ ಕಟ್ಟಿಕೊಳ್ಳಲು ಹಗ್ಗ ಕೇಳಿದಳು. ಬಟ್ಟೆ ಒಣಹಾಕುವ ನೈಲಾನ್ ದಾರ ತೋರಿಸಿದೆ. ಅದನ್ನು ಮುಟ್ಟಿ ನೋಡಿ ಬಿಟ್ಟಳು. ಬರಿಗಾಲಲ್ಲಿ ಹತ್ತಿದಳು.

ಅವಳು ಹತ್ತಿಯಾದ ಮೇಲೆ ಗಾಳಿ ಬಂತು. ಏಣಿ ಅಲುಗುತ್ತಿತ್ತು, ಬಿದ್ದು ಕಿಟಕಿ ಗಾಜು ಒಡೆದರೆ ಎಂದು ತೆಗೆದು ಗೋಡೆಯುದ್ದಕ್ಕೆ ಮಲಗಿಸಿ ಬಂದೆ. ಅವಳು ಕರೆದರೆ ಇಡುತ್ತೇನಲ್ಲ. ಹಜಾರದ ಮೇಜಿನ ಮುಂದೆ ಕೂತು ಇದನ್ನು ಬರೆಯುತ್ತಿದ್ದೇನೆ. ಮಳೆ ಮತ್ತೆ ಶುರುವಾಗಿದೆ. ತಲೆಯ ಮೇಲೆ ಅವಳು ಸರಿಯುವ ಸದ್ದು ಕೇಳುತ್ತಿದೆ. ಕೂತುಕೊಂಡೇ ಸರಿಯುತ್ತಿದ್ದಾಳೆ. ಜಾಣೆ.

ಕರೆದಳು. ಈ ಸಾಲು ಮುಗಿಸಿ ಹೋಗುತ್ತೇನೆ.

ಮತ್ತೆ ಕರೆದಳು. ಅವಳ ದನಿಯಲ್ಲಿ ಹೆದರಿಕೆ ಇದೆ. ಆ ಮನೆಯ ಸೆಲ್ವರಾಜ್ ಇದ್ದಿದ್ದರೆ ಓಡಿ ಬರುತ್ತಿದ್ದರು. ಬೆಳಿಗ್ಗೆಯೇ ಬೆಂಗಳೂರಿನ ರೈಲು ಹಿಡಿಯಲು ಬಂಗಾರಪೇಟೆಗೆ ಹೊರಟದ್ದನ್ನು ನೋಡಿದ್ದೆ.

ಈಗ ಸದ್ದು ಕೋಣೆಯ ಮೇಲೆ ಹೋಗಿದೆ. ಅಲ್ಲಿ ಒಳಗಡೆ ಹಲಗೆ ಹೊಡೆದಿಲ್ಲ, ಬರೀ ಹೆಂಚು. ಒಂದು ಹೆಂಚು ಸರಿಸಿದ ಸದ್ದು. ಮಂಚದ ನೇರಕ್ಕೆ ಇರಬೇಕು. ಮಾತಾಡುತ್ತಿದ್ದಾರೆ, ಅವಳು ಮಳೆಯಲ್ಲಿ ಬಗ್ಗಿಕೊಂಡು, ವಿಜಯಕುಮಾರ್ ಮಲಗಿದಲ್ಲಿಂದ ಮೇಲೆ ನೋಡಿಕೊಂಡು. ನನಗೆ ಒಂದು ಪದ ಮಾತ್ರ ತಿಳಿಯಿತು, ನಿಚ್ಚೆನ. ನಮ್ಮ ಹಳಗನ್ನಡದ ನಿಚ್ಚಣಿಕೆ. ಏಣಿ.

"ಶ್ಯಾಮಲ, ಏಣಿ ಇಡು" ಎಂದು ಕೂಗಿದರು. ನಾನು ಅಂದು ಹೇಳಿದ್ದನ್ನೇ ಹೇಳಿದೆ. ನಡೆದು ಬನ್ನಿ.

ಮಂಚ ಕಿರುಗುಟ್ಟಿತು. ವಾಕರಿನ ರಬ್ಬರ್ ಕಾಲು ನೆಲಕ್ಕೆ ತಾಗಿದ ಸದ್ದು. ನಿಂತಿತು. ಬೀಳುತ್ತಾರೆ ಎಂದುಕೊಂಡೆ, ಪೆನ್ನು ಬಿಟ್ಟು ಎದ್ದೆ. ಬೀಳಲಿಲ್ಲ. ಇನ್ನೊಂದು ಸದ್ದು. ಮತ್ತೊಂದು.

ಆಮೇಲೆ ನಡೆದದ್ದನ್ನು ಈಗ ಮತ್ತೆ ಕೂತು ಬರೆಯುತ್ತಿದ್ದೇನೆ. ಬಾಗಿಲಲ್ಲಿ ಕಾಣಿಸಿಕೊಂಡರು. ಬನಿಯನ್ನು, ಲುಂಗಿ, ಎಷ್ಟು ಬಡವಾಗಿದ್ದಾರೆ ಎಂಬುದು ನಿಂತಾಗಲೇ ತಿಳಿದದ್ದು. ಮುಖದಲ್ಲಿ ಬೆವರು ಸುರಿಯುತ್ತಿತ್ತು. ನಾನು ಕೈ ಚಾಚಿದೆ. ಇಷ್ಟು ದಿನ ಈ ಹೆಜ್ಜೆಗೆ ಕಾದವಳು ನಾನು. ಉಗುರು ಕತ್ತರಿಸಿ, ಮೈ ತೊಳೆದು, ದೇವರಿಗೆ ಹರಸಿಕೊಂಡವಳು ನಾನು. ನನ್ನ ಕೈಯ ಪಕ್ಕದಲ್ಲೇ ವಾಕರನ್ನು ಎತ್ತಿ ಮುಂದಿಟ್ಟುಕೊಂಡು ನಡೆದರು. ಕಂಬವನ್ನು ದಾಟಿ ಹೋದ ಹಾಗೆ ಹೋದರು. ಹೊಸ್ತಿಲು ದಾಟಿದರು, ಜಗಲಿ ದಾಟಿದರು, ಮೆಟ್ಟಿಲಲ್ಲಿ ಕೂತು ಕೂತು ಇಳಿದು ಮಳೆಯಲ್ಲಿ ಅಂಗಳಕ್ಕೆ ಹೋದರು.

ಕಿಟಕಿಯಿಂದ ನೋಡಿದೆ. ವಾಕರನ್ನು ಬದಿಗಿಟ್ಟು, ಗೋಡೆಗೆ ಬೆನ್ನು ಕೊಟ್ಟು, ಏಣಿಯನ್ನು ಎತ್ತಿ ನಿಲ್ಲಿಸಿದರು. ಮೈಯಿಡೀ ನಡುಗುತ್ತಿತ್ತು, ಏಣಿ ಮಾತ್ರ ನಡುಗದ ಹಾಗೆ ಹಿಡಿದುಕೊಂಡಿದ್ದರು. "ಮೆಲ್ಲಗ" ಎನ್ನುತ್ತಿದ್ದರು. ಅವಳು ಹಿಂದು ಹಿಂದಾಗಿ ಇಳಿದಳು. ಇಳಿದವಳು ಅಳುತ್ತಿದ್ದಳು. ವಿಜಯಕುಮಾರ್ ಅವಳ ತಲೆಯ ಮೇಲೆ ಕೈಯಿಟ್ಟು ಏನೋ ಹೇಳಿದರು. ಅವಳು ಅಳುತ್ತಳುತ್ತಲೇ ನಕ್ಕು, ಅವರ ಕಾಲು ತೋರಿಸಿ ಏನೋ ಅಂದಳು. ಆಗ ಅವರೂ ತಮ್ಮ ಕಾಲು ನೋಡಿಕೊಂಡರು, ಇವು ತಮ್ಮವೇ ಎಂಬುದು ಆಗಷ್ಟೇ ತಿಳಿದವರ ಹಾಗೆ.

ನಾನು ಹೋಗಿ ಮುಂಬಾಗಿಲು ಮುಚ್ಚಿ ಚಿಲಕ ಹಾಕಿ ಬಂದೆ. ಎರಚಲು ಒಳಗೆ ಬರುತ್ತಿತ್ತು.

ಡಾಕ್ಟರು ನಡೆಯಬೇಕು ಎಂದಿದ್ದರು, ನಡೆದಾಯಿತು. ನಾನು ಅಂದುಕೊಂಡದ್ದು ಆಯಿತು. ತಟ್ಟಿದರೆ ತೆರೆಯುತ್ತೇನೆ, ನಾನೇನು ರಾಕ್ಷಸಿಯಲ್ಲ. ಒಣಬಟ್ಟೆ ತೆಗೆದಿಟ್ಟಿದ್ದೇನೆ, ಕಾಫಿಗೆ ನೀರು ಇಟ್ಟಿದ್ದೇನೆ. ಇಬ್ಬರೂ ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದಾರೆ, ಮಾತು ಕೇಳುತ್ತಿದೆ. ಮಳೆ ಜೋರಾಗಿದೆ. ಇಷ್ಟು ಹೊತ್ತಾಯಿತು, ಯಾರೂ ಬಾಗಿಲು ತಟ್ಟಿಲ್ಲ.